ಯಾಕ್: ಒಂದು ಪದದ ಬೆನ್ನು ಹತ್ತಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



‘ನೀನು ಸಾಫ್ಟ್‌ವೇರ್‌ನವನು, ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು’ ಎಂದು ಸಮಿತಿಯವರು ಕೇಳಿದ್ದರು. ಕಂಪ್ಯೂಟರ್ ಬಗ್ಗೆ ಈಗ ನನಗಿಂತ ಈ ಮಕ್ಕಳಿಗೇ ಹೆಚ್ಚು ಗೊತ್ತು. ಅದಕ್ಕೆ ನಾನು ಒಂದೇ ಒಂದು ಪದದ ಬಗ್ಗೆ ಮಾತಾಡುತ್ತೇನೆ. ಆ ಪದ ‘ಯಾಕ್’. ನಮ್ಮೂರಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಪದ. ‘ಯಾಕ್ಲಾ ಲೇಟು?’, ‘ಯಾಕ್ ಬರ್ಲಿಲ್ಲ ಮದುವೆಗೆ?’ ಇದೇ ಸದ್ದಿನ ಪದಗಳು ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಬೇರೆ ಬೇರೆ ಅರ್ಥದಲ್ಲಿ ಹುಟ್ಟಿವೆ. ನನ್ನ ಕೆಲಸದಲ್ಲೇ ಅಂಥ ಎರಡು ಮೂರು ‘ಯಾಕ್’ಗಳು ಎದುರಾದವು. ಒಂದೊಂದರ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಸಿಕ್ಕಿದ್ದು ಬಿಇ ಓದುವಾಗ, ಮೈಸೂರಿನಲ್ಲಿ. ಆರನೇ ಸೆಮಿಸ್ಟರಿನಲ್ಲಿ ನಮಗೆ ‘ಲೆಕ್ಸ್ ಮತ್ತು ಯಾಕ್’ ಎಂಬ ಲ್ಯಾಬ್ ಇತ್ತು. ‘ಯಾಕ್ ಮುಗೀತೇನೋ?’ ಎಂದು ಒಬ್ಬ ಕೇಳಿದರೆ, ‘ಯಾಕ್ ಮುಗೀಬೇಕು?’ ಎಂದು ಇನ್ನೊಬ್ಬ. ಹಾಸ್ಟೆಲ್ಲಿನಲ್ಲಿ ಇಡೀ ಸೆಮಿಸ್ಟರ್ ಇದೇ ಹಾಸ್ಯ. ಈ ಯಾಕ್ ಎನ್ನುವುದು 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಜಾನ್ಸನ್ ಎಂಬವರು ಬರೆದ ಒಂದು ಪ್ರೋಗ್ರಾಂ. ‘ಯೆಟ್ ಅನದರ್ ಕಂಪೈಲರ್ ಕಂಪೈಲರ್’ ಎಂಬ ನಾಲ್ಕು ಪದಗಳ ಮೊದಲಕ್ಷರ ಸೇರಿಸಿ ಇಟ್ಟ ಹೆಸರು. ‘ಇನ್ನೂ ಒಂದು ಕಂಪೈಲರ್ ಮಾಡುವ ಯಂತ್ರ’ ಎಂದರ್ಥ. ಅಂಥವು ಆಗಲೇ ಬೇಕಾದಷ್ಟು ಇದ್ದುದರಿಂದ ತಮ್ಮನ್ನು ತಾವೇ ಗೇಲಿ ಮಾಡಿಕೊಂಡ ಹೆಸರು. ಅದರ ಕೆಲಸ ನಮ್ಮ ಕನ್ನಡ ಮೇಷ್ಟ್ರು ವ್ಯಾಕರಣದ ಪೀರಿಯಡ್ಡಿನಲ್ಲಿ ಮಾಡಿಸುತ್ತಿದ್ದುದೇ. ಕರ್ತೃ ಎಲ್ಲಿ, ಕರ್ಮ ಎಲ್ಲಿ, ಕ್ರಿಯಾಪದ ಎಲ್ಲಿ ಎಂದು ವಾಕ್ಯ ಬಿಡಿಸುತ್ತಿದ್ದೆವಲ್ಲ, ಹಾಗೆ. ಭಾಷೆಯ ನಿಯಮಗಳನ್ನು ಬರೆದು ಕೊಟ್ಟರೆ, ಆ ನಿಯಮದಂತೆ ವಾಕ್ಯ ಬಿಡಿಸಿ ನೋಡುವ ಪ್ರೋಗ್ರಾಮನ್ನು ಅದು ತಾನೇ ತಯಾರಿಸಿ ಕೊಡುತ್ತದೆ.

ಮುಂದೆ ಗ್ನು ಎಂಬ ಯೋಜನೆಯವರು ಅದೇ ಕೆಲಸಕ್ಕೆ ತಮ್ಮದೊಂದು ಪ್ರೋಗ್ರಾಂ ಹೊರತಂದರು. ಯಾಕ್ ಎಂಬ ಪ್ರಾಣಿಯ ಹೆಸರಿನಂತೆ ಕೇಳುವುದಕ್ಕೆ ಜೋಡಿಯಾಗಿ ಅದಕ್ಕೆ ‘ಬೈಸನ್’ ಎಂದು ಹೆಸರಿಟ್ಟರು. ಗ್ನು ಎಂಬುದೂ ಒಂದು ಪ್ರಾಣಿಯೇ, ಆಫ್ರಿಕಾದ್ದು. ಬೈಸನ್ ಎಂದ ಕೂಡಲೇ ನಮ್ಮ ಕಡೆಯವರಿಗೆ ನಾಗರಹೊಳೆಯ ಕಾಟಿ ನೆನಪಾಗುತ್ತದೆ. ಸಫಾರಿ ಜೀಪಿನವರು ಅದನ್ನು ‘ಇಂಡಿಯನ್ ಬೈಸನ್’ ಎಂದೇ ತೋರಿಸುವುದು. ಆದರೆ ಕಾಟಿ ಬೈಸನ್ ಅಲ್ಲ. ನಾವು ಕಾಡೆಮ್ಮೆ ಎನ್ನುತ್ತೇವೆ, ಅದು ಎಮ್ಮೆಯೂ ಅಲ್ಲ. ಪ್ರಾಣಿಶಾಸ್ತ್ರದವರ ಪಟ್ಟಿಯಲ್ಲಿ ಕಾಟಿ ಇರುವುದು ಹಸುವಿನ ಕುಲದಲ್ಲಿ, ಬಾಸ್ ಎಂಬ ಗುಂಪಿನಲ್ಲಿ. ಅದೇ ಗುಂಪಿನಲ್ಲಿ ಯಾಕ್ ಕೂಡ ಇದೆ. ಅಂದರೆ ನಮ್ಮ ಕೊಟ್ಟಿಗೆಯ ಹಸು, ನಾಗರಹೊಳೆಯ ಕಾಟಿ, ಟಿಬೆಟ್ಟಿನ ಯಾಕ್ ಮೂರೂ ದಾಯಾದಿಗಳು.

ಈಗ ಆ ಪ್ರಾಣಿಯ ವಿಷಯಕ್ಕೆ ಬರುತ್ತೇನೆ. ಇದಕ್ಕೆ ನಾವು ಹಿಮಾಲಯಕ್ಕೆ ಹೋಗಬೇಕಾಗಿಲ್ಲ, ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋದರೆ ಸಾಕು. 1960ರ ಆಸುಪಾಸಿನಲ್ಲಿ ಅಂದಿನ ಮೈಸೂರು ಸರ್ಕಾರ ಸುಮಾರು 3000 ಎಕರೆ ಕಾಡು ಜಮೀನು ಕೊಟ್ಟು, ಟಿಬೆಟ್ಟಿನಿಂದ ಬಂದವರನ್ನು ಅಲ್ಲಿ ನೆಲೆ ನಿಲ್ಲಿಸಿತು. ನಮ್ಮಲ್ಲಿ ಎಷ್ಟೋ ಜನ ಅವರ ಮುಸುಕಿನ ಜೋಳದ ಹೊಲಕ್ಕೆ ಕೂಲಿಗೆ ಹೋಗಿದ್ದೀರಿ, ಅವರಿಂದ ಸ್ವೆಟರ್ ಕೊಂಡಿದ್ದೀರಿ.

ಪಿಯುಸಿಯಲ್ಲಿ ನನಗೆ ಕ್ಯಾಂಪಿನ ಹುಡುಗನೊಬ್ಬ ಗೆಳೆಯನಾಗಿದ್ದ. ಒಮ್ಮೆ ಅವರ ಮನೆಗೆ ಹೋದಾಗ ಉಪ್ಪು ಹಾಕಿದ ಬೆಣ್ಣೆ ಚಹಾ ಕೊಟ್ಟರು. ‘ಇದು ಯಾಕ್ ಹಾಲಿನ ಬೆಣ್ಣೆಯಾ ಅಜ್ಜಿ?’ ಎಂದು ಕೇಳಿದೆ. ಅವರಿಗೆ ಸಂತೆಯ ಕನ್ನಡ ಚೆನ್ನಾಗಿ ಬರುತ್ತಿತ್ತು. ನಗು ತಡೆಯಲಾರದೆ, ‘ನಿಮ್ಮೂರಲ್ಲಿ ಎತ್ತು ಹಾಲು ಕೊಡ್ತದಾ ಮಗಾ?’ ಎಂದರು.

ಟಿಬೆಟನ್ ಭಾಷೆಯಲ್ಲಿ ಯಾಕ್ ಎಂದರೆ ಗಂಡು ಮಾತ್ರ. ಹೆಣ್ಣಿಗೆ ‘ಡ್ರಿ’ ಎನ್ನುತ್ತಾರೆ. ಕಾಡಿನದಕ್ಕೆ ‘ಡ್ರೋಂಗ್’. ಯಾಕ್ ಮತ್ತು ಹಸುವಿನ ಮಿಶ್ರತಳಿಗೆ, ಗಂಡಾದರೆ ‘ಜೋ’, ಹೆಣ್ಣಾದರೆ ‘ಜೋಮೊ’. ನಮ್ಮಲ್ಲಿ ಎತ್ತು, ಹೋರಿ, ಗೂಳಿ, ಹಸು, ಕಡಸು, ಕರು ಎಂದು ಇದೆಯಲ್ಲ, ಹಾಗೇ. ದನ ಕಟ್ಟಿ ಬದುಕುವವರ ಭಾಷೆಯಲ್ಲಿ ದನಕ್ಕೆ ಒಂದೇ ಹೆಸರು ಸಾಲುವುದಿಲ್ಲ. ಅಜ್ಜಿಯ ಚಹಾಕ್ಕೆ ಬಿದ್ದಿದ್ದು ನಮ್ಮ ಡೈರಿಯ ಬೆಣ್ಣೆ, ಆ ಮಾತು ಬೇರೆ.

ಅವತ್ತು ಗೆಳೆಯ ನನ್ನ ನೋಟ್ ಪುಸ್ತಕದಲ್ಲಿ ಆ ಪದವನ್ನು ಅವರ ಲಿಪಿಯಲ್ಲಿ ಬರೆದು ತೋರಿಸಿದ. ಬರೆಯುವಾಗ ಮುಂದೆ ಒಂದು ‘ಗ’, ಕೊನೆಗೆ ಒಂದು ‘ಗ’, ನಡುವೆ ‘ಯ’. ಮುಂದಿನ ಗ ಬಾಯಲ್ಲಿ ಬರುವುದೇ ಇಲ್ಲ, ಬರವಣಿಗೆಯಲ್ಲಿ ಮಾತ್ರ ಉಳಿದಿದೆ. ಅವರ ವರ್ಣಮಾಲೆ ಶುರುವಾಗುವುದು ಕ, ಖ, ಗ, ಙ ಎಂದೇ. ಆ ಲಿಪಿಯೂ ನಮ್ಮ ಕನ್ನಡ ಲಿಪಿಯೂ ಬ್ರಾಹ್ಮಿಯಿಂದಲೇ ಕವಲೊಡೆದವು. ಕುಶಾಲನಗರದ ಬಸ್ಸಿನಲ್ಲಿ ಪಕ್ಕಪಕ್ಕ ಕೂರುವ ನಮ್ಮ ಮಕ್ಕಳೂ ಅವರ ಮಕ್ಕಳೂ ಸ್ಲೇಟಿನ ಮೇಲೆ ತಿದ್ದಿದ್ದು ಹೆಚ್ಚುಕಡಿಮೆ ಒಂದೇ ಸಾಲು ಎಂಬುದು ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

ಇಂಗ್ಲಿಷಿಗೆ ಈ ಪದ ಸೇರಿದ್ದು ತೀರ ಈಚೆಗೆ. 1783ರಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್, ಸ್ಯಾಮ್ಯುಯೆಲ್ ಟರ್ನರ್ ಎಂಬ ಅಧಿಕಾರಿಯನ್ನು ಟಿಬೆಟ್ಟಿಗೆ ಕಳಿಸಿದ. ಟರ್ನರ್ ಅಲ್ಲಿಂದ ಸಂಪಾದಿಸಿದ ಯಾಕ್‌ಗಳಲ್ಲಿ ಒಂದು ಹಡಗಿನ ಪ್ರಯಾಣ ತಾಳಿಕೊಂಡು ಇಂಗ್ಲೆಂಡಿನವರೆಗೂ ಹೋಯಿತು. ಜಾರ್ಜ್ ಸ್ಟಬ್ಸ್ ಎಂಬ ಕಲಾವಿದ 1791ರಲ್ಲಿ ಅದರ ಚಿತ್ರ ಬರೆದ. ಆ ದಶಕದಲ್ಲೇ ಯಾಕ್ ಎಂಬ ಪದ ಇಂಗ್ಲಿಷ್ ಬರವಣಿಗೆಯಲ್ಲಿ ಕಾಣಿಸಿಕೊಂಡಿತು. ಟಿಬೆಟನ್ನಿನಲ್ಲಿ ಗಂಡಿಗೆ ಮಾತ್ರ ಇದ್ದ ಹೆಸರು ಇಂಗ್ಲಿಷಿನಲ್ಲಿ ಗಂಡು ಹೆಣ್ಣು ಎರಡಕ್ಕೂ ಆಯಿತು. ಅಜ್ಜಿ ನಕ್ಕಿದ್ದು ಇದಕ್ಕೇ. ಯಾಕ್ ಹಾಲು, ಯಾಕ್ ಬೆಣ್ಣೆ ಎಂಬ ಮಾತೆಲ್ಲ ಇಂಗ್ಲಿಷಿನ ಬಳಸುದಾರಿಯಲ್ಲಿ ನಮಗೆ ಬಂದದ್ದು.

ಅದಕ್ಕೂ ಮೊದಲೇ, 1766ರಲ್ಲಿ, ಸ್ವೀಡನ್ನಿನ ಲಿನೆಯಸ್ ಈ ಪ್ರಾಣಿಗೆ ಶಾಸ್ತ್ರೀಯ ಹೆಸರಿಟ್ಟಿದ್ದ: ಬಾಸ್ ಗ್ರುನ್ನಿಯೆನ್ಸ್. ಗುರುಗುಟ್ಟುವ ದನ ಎಂದರ್ಥ. ಯಾಕ್ ನಮ್ಮ ಹಸುವಿನಂತೆ ಅಂಬಾ ಎನ್ನುವುದಿಲ್ಲ, ಹಂದಿಯಂತೆ ಗುರ್ ಗುರ್ ಎನ್ನುತ್ತದೆ. 1883ರಲ್ಲಿ ರಷ್ಯಾದ ಪ್ರವಾಸಿ ಪ್ರೆಜ್ವಾಲ್‌ಸ್ಕಿ ಕಾಡು ಯಾಕ್‌ಗೆ ಬೇರೆ ಹೆಸರು ಕೊಟ್ಟ: ಬಾಸ್ ಮ್ಯೂಟಸ್, ಮೂಗ ದನ. ಒಂದೇ ವಂಶ, ಕಟ್ಟಿ ಸಾಕಿದ್ದು ಗೊಣಗುತ್ತದೆ, ಕಾಡಿನಲ್ಲಿರುವುದು ಬಾಯಿ ಮುಚ್ಚಿಕೊಂಡಿದೆ! ನೌಕರಿಯಲ್ಲಿರುವವರಿಗೆ ಇದು ಬೇಗ ಅರ್ಥವಾದೀತು.

ಹಾಗಾದರೆ ನಮ್ಮ ಕನ್ನಡಕ್ಕೆ ಈ ಪ್ರಾಣಿ ಗೊತ್ತೇ ಇರಲಿಲ್ಲವೇ? ಇಂಗ್ಲಿಷರಿಗೆ ಗೊತ್ತಾಗುವುದಕ್ಕೆ ಎಷ್ಟೋ ನೂರು ವರ್ಷ ಮೊದಲೇ ಗೊತ್ತಿತ್ತು. ಹೆಸರು ಬೇರೆ ಇತ್ತು ಅಷ್ಟೆ. ಸಂಸ್ಕೃತದಲ್ಲಿ ಯಾಕ್‌ಗೆ ‘ಚಮರ’, ಹೆಣ್ಣಿಗೆ ‘ಚಮರೀ’. ಅದರ ಬಾಲದ ಕೂದಲಿನಿಂದ ಮಾಡಿದ್ದು ಚಾಮರ. ಕಾಳಿದಾಸನ ‘ಕುಮಾರಸಂಭವ’ದ ಮೊದಲ ಸರ್ಗದಲ್ಲಿ ಹಿಮಾಲಯದ ವರ್ಣನೆ ಬರುವಾಗ, ಬಾಲ ಬೀಸುತ್ತಾ ಆ ಪರ್ವತರಾಜನಿಗೆ ಚಾಮರ ಹಾಕುವ ಚಮರಿಗಳು ಬರುತ್ತವೆ. ಬೇಲೂರು ಹಳೇಬೀಡಿನಲ್ಲಿ ದೇವರ ಎಡಬಲಕ್ಕೆ ಚಾಮರ ಹಿಡಿದ ಹೆಣ್ಣುಗಳು ನಿಂತಿರುವುದನ್ನು ಶಾಲಾ ಪ್ರವಾಸದಲ್ಲಿ ನಾವೆಲ್ಲ ನೋಡಿದ್ದೇವೆ. ಶ್ರವಣಬೆಳಗೊಳದ ಗೊಮ್ಮಟನ ಅಕ್ಕಪಕ್ಕ ಕೆಳಗೆ ನಿಂತಿರುವ ಯಕ್ಷ ಯಕ್ಷಿಯರ ಕೈಯಲ್ಲೂ ಅದೇ ಚಾಮರ. ಹಿಮಾಲಯದ ಕಣಿವೆಗಳಿಂದ ಇಳಿದು ಬಂದ ಬಾಲದ ಕೂದಲು ನಮ್ಮ ರಾಜರ ಆಸ್ಥಾನಗಳಿಗೂ ದೇವಸ್ಥಾನಗಳಿಗೂ ಬಂದು ಸೇರಿತು. ಈಗ ನಮ್ಮೂರ ದೇವಸ್ಥಾನದಲ್ಲಿ ಬೀಸುವುದು ನೈಲಾನಿನದು. ಹೆಸರು ಮಾತ್ರ ಹಳೆಯದೇ.

ತಾಯಂದಿರಿಗೆ ಈ ಪದ ಇನ್ನೂ ಹತ್ತಿರದ್ದು. ಜಡೆ ಉದ್ದ ಕಾಣಲೆಂದು ಸೇರಿಸಿ ಹೆಣೆಯುತ್ತೀರಲ್ಲ, ಚೌರಿ, ಅದೂ ಚಮರಿಯ ಮೊಮ್ಮಗಳೇ. ನೇಪಾಳದಲ್ಲಿ ಇವತ್ತಿಗೂ ಈ ಜಾತಿಯ ದನಕ್ಕೆ ಚೌರಿ ಎನ್ನುತ್ತಾರೆ. ಅಲ್ಲಿ ಆ ಪದ ಮೇಯುತ್ತದೆ, ಇಲ್ಲಿ ಮದುವಣಗಿತ್ತಿಯ ಬೆನ್ನಿನ ಮೇಲೆ ಇಳಿಬಿದ್ದಿದೆ.

ನನಗೆ ಇದರಲ್ಲಿ ಸ್ವಾರಸ್ಯ ಕಂಡದ್ದು ಇಲ್ಲಿ. ಪದ ಪ್ರಯಾಣ ಮಾಡುವಾಗ ವಸ್ತು ಪೂರ್ತಿ ಜೊತೆಗೆ ಬರುವುದಿಲ್ಲ. ಇಂಗ್ಲಿಷಿಗೆ ಗಂಡಿನ ಹೆಸರು ಬಂತು, ಹೆಣ್ಣಿನದು ಹಿಂದೆ ಉಳಿಯಿತು. ನಮಗೆ ಬಾಲ ಬಂತು, ಪ್ರಾಣಿ ಅಲ್ಲೇ ಉಳಿಯಿತು. ಪ್ರಾಣಿ ಕಾಣದ್ದರಿಂದಲೇ ಇರಬೇಕು, ‘ಚಮರೀಮೃಗ’ ಎಂದರೆ ಇವತ್ತಿಗೂ ನಮ್ಮ ಕಣ್ಣ ಮುಂದೆ ಜಿಂಕೆಯಂಥ ನಾಜೂಕಿನ ಏನೋ ಒಂದು ಸುಳಿಯುತ್ತದೆ. ಗುರುಗುಟ್ಟುವ ದಪ್ಪ ಎತ್ತು ಸುಳಿಯುವುದಿಲ್ಲ.

ಬೈಲಕುಪ್ಪೆಯವರದು ಇದರ ಇನ್ನೊಂದು ಮುಖ. ಯಾಕ್ ಬದುಕುವುದು ಮೂರು ಸಾವಿರ ಮೀಟರಿಗಿಂತ ಮೇಲೆ. ಅದರ ಹೃದಯ, ಶ್ವಾಸಕೋಶ ಎರಡೂ ದೊಡ್ಡವು. ತೆಳು ಗಾಳಿಯಲ್ಲೂ ಉಸಿರಿಗೆ ತೊಂದರೆಯಿಲ್ಲ. ಮೈತುಂಬ ಕಂಬಳಿಯಂಥ ಕೂದಲು, ಬೆವರುವುದು ತೀರ ಕಡಿಮೆ. ಚಳಿಗೆಂದೇ ಆದ ಮೈ. ಸಮುದ್ರಮಟ್ಟದಿಂದ ಸಾವಿರ ಮೀಟರೂ ಇಲ್ಲದ ನಮ್ಮ ಊರಿನ ಬಿಸಿಲಿಗೆ ಅದು ತಾಳುವುದಿಲ್ಲ. ಹಾಗಾಗಿ ಇಲ್ಲಿಗೆ ಬಂದವರು ಭಾಷೆ ತಂದರು, ದೇವರು ತಂದರು, ಅಡುಗೆ ತಂದರು, ಯಾಕ್ ತರಲಾಗಲಿಲ್ಲ. ನನ್ನ ಗೆಳೆಯ ಹುಟ್ಟಿದ್ದು ಇಲ್ಲೇ. ಆ ಪದವನ್ನು ಅಷ್ಟು ಚಂದ ಬರೆದು ತೋರಿಸಿದ ಅವನು ಅವತ್ತಿನವರೆಗೆ ಒಂದು ಯಾಕನ್ನೂ ಕಣ್ಣಿನಿಂದ ನೋಡಿರಲಿಲ್ಲ. ಅವನಿಗಿದ್ದದ್ದು ಅಜ್ಜಿಯ ಮಾತು ಮತ್ತು ಗೋಡೆಯ ಕ್ಯಾಲೆಂಡರ್. ಪರಿಷೆಯಲ್ಲಿ ಎತ್ತು ಕಟ್ಟಿದ ಊರಿನವರು ನಾವು. ದನವಿಲ್ಲದೆ ದನದ ಹೆಸರು ಮಾತ್ರ ಉಳಿದರೆ ಹೇಗಿರುತ್ತದೆ ಎಂದು ಯೋಚಿಸುವ ದಿನ ನಮಗೂ ದೂರವಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ನೊಗ, ಮಿಣಿ, ಕುಂಟೆ ಎಂದರೆ ಈ ಮಕ್ಕಳಲ್ಲಿ ಎಷ್ಟು ಜನ ಕೈ ಎತ್ತುತ್ತೀರಿ? ನೋಡಿ, ನಾಲ್ಕೇ ಕೈ.

ನಮ್ಮ ದೇಶದಲ್ಲಿ ಯಾಕ್ ಇರುವುದು ಲಡಾಖ್, ಹಿಮಾಚಲ, ಸಿಕ್ಕಿಂ, ಅರುಣಾಚಲದ ಕಡೆ. 2012ರ ಜಾನುವಾರು ಗಣತಿಯಲ್ಲಿ ಸುಮಾರು 77 ಸಾವಿರ ಇದ್ದವು, 2019ರಲ್ಲಿ ಸುಮಾರು 58 ಸಾವಿರ. ಅರುಣಾಚಲದ ದಿರಾಂಗ್‌ನಲ್ಲಿ ಅವುಗಳಿಗೆಂದೇ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ.

ಇನ್ನು ಉಳಿದ ಯಾಕ್‌ಗಳನ್ನು ಬೇಗ ಮುಗಿಸುತ್ತೇನೆ, ಊಟದ ಪಾತ್ರೆ ಸದ್ದು ಕೇಳುತ್ತಿದೆ. ಅಮೆರಿಕದ ಆಡುಮಾತಿನಲ್ಲಿ ಯಾಕ್ ಎಂದರೆ ಎಡೆಬಿಡದೆ ಹರಟುವುದು. ಅದಕ್ಕೂ ಪ್ರಾಣಿಗೂ ಸಂಬಂಧವಿಲ್ಲ. ನಮ್ಮಲ್ಲಿ ವಟವಟ, ಲೊಡಲೊಡ, ಪಿಸಿಪಿಸಿ ಇದೆಯಲ್ಲ, ಹಾಗೆ ಸದ್ದಿನಿಂದಲೇ ಹುಟ್ಟಿದ ಪದ. ಎಂಟನೇ ತರಗತಿಯವರು ಹೇಳಿ, ಇದಕ್ಕೆ ಏನೆನ್ನುತ್ತಾರೆ? ಹೌದು, ಅನುಕರಣಾವ್ಯಯ. ರಷ್ಯಾದವರಿಗೆ ಯಾಕ್ ಎಂಬ ಯುದ್ಧವಿಮಾನಗಳಿದ್ದವು, ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದವು. ಅವು ಅಲೆಕ್ಸಾಂಡರ್ ಯಾಕೊವ್ಲೆವ್ ಎಂಬ ಎಂಜಿನಿಯರ್ ಹೆಸರಿನ ಮೊದಲ ತುಂಡು. ಯಾಕೊವ್ ಎಂದರೆ ಯಾಕೋಬ, ನಮ್ಮ ಚರ್ಚಿನ ಕಡೆಯವರಿಗೆ ಪರಿಚಯದ ಹೆಸರು. ಸದ್ದು ಒಂದೇ ಆದರೂ ಬೇರು ಬೇರೆ.

ಕೆಲಸಕ್ಕೆ ಸೇರಿದ ಮೇಲೆ ಮೀಟಿಂಗಿನಲ್ಲಿ ಇನ್ನೊಂದು ಮಾತು ಕೇಳಿದೆ: ‘ಯಾಕ್ ಶೇವಿಂಗ್’. ಯಾಕ್‌ಗೆ ಕ್ಷೌರ! ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿ, 2000ದ ಸುಮಾರಿಗೆ ಬಳಕೆಗೆ ಬಂದ ಮಾತು. 1991ರಲ್ಲಿ ಶುರುವಾದ ‘ರೆನ್ ಅಂಡ್ ಸ್ಟಿಂಪಿ’ ಎಂಬ ಕಾರ್ಟೂನಿನಲ್ಲಿ ಬರುವ ಒಂದು ಹುಚ್ಚು ಹಬ್ಬದಿಂದ ತೆಗೆದುಕೊಂಡದ್ದು. ಅರ್ಥ ಏನೆಂದು ನಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ.

ಹೊಗೆಸೊಪ್ಪಿನ ಸಸಿಮಡಿಗೆ ನೀರು ಬಿಡಬೇಕು. ಮೋಟಾರ್ ಓಡುತ್ತಿಲ್ಲ, ಫ್ಯೂಸ್ ಹೋಗಿದೆ. ಫ್ಯೂಸ್ ವೈರು ಮನೆಯಲ್ಲಿಲ್ಲ, ಪೇಟೆಗೆ ಹೋಗಬೇಕು. ಬೈಕಿನಲ್ಲಿ ಪೆಟ್ರೋಲ್ ಇಲ್ಲ, ಭಾವನ ಬೈಕು ಕೇಳಬೇಕು. ಭಾವನ ಹತ್ತಿರ ಹೋದ ತಿಂಗಳು ತಂದ ಔಷಧಿ ಹೊಡೆಯುವ ಕ್ಯಾನು ಇನ್ನೂ ವಾಪಸ್ ಕೊಟ್ಟಿಲ್ಲ, ಬರಿಗೈಲಿ ಹೇಗೆ ಹೋಗುವುದು? ಕ್ಯಾನು ಕೊಡೋಣವೆಂದರೆ ಅದರ ವಾಷರ್ ಹೋಗಿದೆ. ಹಳೇ ಸೈಕಲ್ ಟ್ಯೂಬು ಹುಡುಕಿ, ಕತ್ತರಿ ಹಿಡಿದು ವಾಷರ್ ಕತ್ತರಿಸುತ್ತಾ ಜಗಲಿಯಲ್ಲಿ ಕೂತಿದ್ದೀರಿ. ಅಷ್ಟರಲ್ಲಿ ಮನೆಯವರು ಬಂದು, ‘ಸಸಿಗೆ ನೀರ್ ಬುಡಕ್ ಹೋದೋರು ಟ್ಯೂಬ್ ಯಾಕ್ ಕುಯ್ತಾ ಕೂತಿದೀರಿ?’ ಎನ್ನುತ್ತಾರೆ. ಇದೇ ಯಾಕ್ ಶೇವಿಂಗ್. ಒಂದೊಂದು ಹೆಜ್ಜೆಗೂ ಕಾರಣ ಇದೆ, ಆದರೆ ಹೊರಗಿನಿಂದ ನೋಡಿದವರಿಗೆ ಹುಚ್ಚು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಅರ್ಧ ದಿನ ಹೋಗುವುದು ಹೀಗೇ.

ಇಷ್ಟು ಹೇಳಿ ಒಂದು ತಕರಾರು. ಈ ಹಾಸ್ಯ ಕಟ್ಟಿದವರಿಗೆ ಯಾಕ್ ಕೂದಲು ಕತ್ತರಿಸುವುದು ಅರ್ಥವಿಲ್ಲದ ಕೆಲಸವಾಗಿ ಕಂಡಿತು. ಟಿಬೆಟ್ಟಿನ ದನಗಾಹಿಗೆ ಅದು ಮನೆ. ಹೊರಮೈಯ ಒರಟು ಕೂದಲು ಕತ್ತರಿಸಿ, ನೂತು, ನೇಯ್ದು ಕಪ್ಪು ಡೇರೆ ಮಾಡುತ್ತಾರೆ. ಮಳೆಗೆ ಆ ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಹಗ್ಗವೂ ಅದರದ್ದೇ. ಒಳಗಿನ ನಯವಾದ ತುಪ್ಪಳವನ್ನು ಬಾಚಿ ತೆಗೆದು ಬಟ್ಟೆಗೆ ಬಳಸುತ್ತಾರೆ. ಒಂದು ಪ್ರಾಣಿಯ ಜೊತೆ ಬದುಕಿದವರ ಪದಕ್ಕೂ ಅದನ್ನು ಕಾರ್ಟೂನಿನಲ್ಲಿ ನೋಡಿದವರ ಪದಕ್ಕೂ ಇರುವ ಅಂತರ ಇದು. ಮೀಟಿಂಗಿನಲ್ಲಿ ಈ ಮಾತು ಬಂದಾಗಲೆಲ್ಲ ನನಗೆ ಆ ಅಜ್ಜಿಯ ನಗು ಕೇಳಿಸುತ್ತದೆ.

ಕೊನೆಗೆ ನಮ್ಮ ಯಾಕ್. ಪುಸ್ತಕದಲ್ಲಿ ಏಕೆ, ಮಾತಿನಲ್ಲಿ ಯಾಕೆ, ಧಾರವಾಡದ ಕಡೆ ಯಾಕ, ನಮ್ಮಲ್ಲಿ ಯಾಕ್. ಕೊನೆಯ ‘ಕೆ’ ಚತುರ್ಥಿ ವಿಭಕ್ತಿ, ಮನೆಗೆ, ಕೆಲಸಕ್ಕೆ ಎನ್ನುವಾಗ ಬರುವುದೇ. ಯಾವುದಕ್ಕೆ, ಏನಕ್ಕೆ ಎಂದೇ ಅದರ ಅರ್ಥ. ನನಗೆ ಇದಕ್ಕಿಂತ ಇಷ್ಟವಾದದ್ದು ಇದರಿಂದ ಹುಟ್ಟಿದ ‘ಯಾಕೆಂದರೆ’. ಯಾಕೆ ಎಂದರೆ: ಯಾಕೆ ಎಂದು ಯಾರಾದರೂ ಕೇಳಿದರೆ. ಕಾರಣ ಹೇಳಲು ಕನ್ನಡ ಬಾಯಿ ತೆರೆದಾಗ, ಎದುರಿಗೆ ಯಾಕೆ ಎಂದು ಕೇಳುವ ಒಬ್ಬರು ಇದ್ದಾರೆ ಎಂದು ಮೊದಲೇ ಒಪ್ಪಿಕೊಂಡಿರುತ್ತದೆ. ಹೀಗಿದ್ದೂ ನಮ್ಮ ಮನೆಗಳಲ್ಲಿ, ಎಷ್ಟೋ ತರಗತಿಗಳಲ್ಲಿ, ಮಕ್ಕಳು ‘ಯಾಕ್?’ ಎಂದರೆ ಸಿಗುವ ಉತ್ತರ ‘ಎದುರು ಮಾತಾಡ್ತೀಯಾ?’ ಎಂಬುದು.

ಇದನ್ನು ಇಷ್ಟು ಎಳೆದು ಹೇಳುತ್ತಿರುವುದಕ್ಕೆ ಕಾರಣವಿದೆ. ನಮ್ಮ ಬ್ಯಾಚಿನಲ್ಲಿ ಹತ್ತನೇ ತರಗತಿ ಮುಗಿಸಿ ವಿಜ್ಞಾನಕ್ಕೆ ಸೇರಿದವರಲ್ಲಿ ಕೆಲವರು ಮೊದಲ ಪಿಯುಸಿಯಲ್ಲೇ ಬಿಟ್ಟರು. ಅವರು ಇಲ್ಲೇ ಕೂತಿದ್ದಾರೆ, ಗಣಿತದಲ್ಲಿ ನನಗಿಂತ ಚುರುಕಾಗಿದ್ದವರು. ಅವರನ್ನು ಸೋಲಿಸಿದ್ದು ಲೆಕ್ಕ ಅಲ್ಲ, ಇಂಗ್ಲಿಷಿನ ಪದಗಳು. ‘ಫೋಟೋಸಿಂಥೆಸಿಸ್’ ಎಂದು ಉಪನ್ಯಾಸಕರು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿದೆವು. ಆ ಪಾಠವನ್ನು ಇದೇ ಶಾಲೆಯಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದು ಚಿತ್ರ ಸಮೇತ ಕಲಿತಿದ್ದೆವು. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸಿ ಕಟ್ಟುವುದು. ಗ್ರೀಕಿನ ಫೋಟೋ ಎಂದರೂ ಬೆಳಕು, ಸಿಂಥೆಸಿಸ್ ಎಂದರೂ ಕೂಡಿಸಿ ಕಟ್ಟುವುದು. ಎರಡೂ ಒಂದೇ ಅಚ್ಚಿನ ಪದ. ಅದನ್ನು ಬಿಡಿಸಿ ತೋರಿಸಲು ಯಾರಿಗಾದರೂ ಹಿಡಿಯುತ್ತಿದ್ದದ್ದು ಎರಡು ನಿಮಿಷ. ಇಂಗ್ಲಿಷಿನವರೂ ಅದನ್ನು ಗ್ರೀಕರಿಂದ ತಂದವರೇ, ಯಾಕನ್ನು ಟಿಬೆಟ್ಟಿನವರಿಂದ ತಂದ ಹಾಗೆ, ಎಂದು ಅವತ್ತು ಯಾರಾದರೂ ಹೇಳಿದ್ದರೆ ಆ ಬೆಂಚು ಖಾಲಿಯಾಗುತ್ತಿರಲಿಲ್ಲವೇನೋ.

ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣ ಬರೆಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಊರೂರಿನ ಜನ ಈ ಪದ ಎಲ್ಲಿಂದ ಬಂತು ಎಂದು ಕಾಗದ ಬರೆದು ಕೇಳುತ್ತಿದ್ದರು, ಅವರು ಬೇಸರಿಸದೆ ಉತ್ತರಿಸುತ್ತಿದ್ದರು. ನಮ್ಮ ಶಾಲೆಯ ವಾಚನಾಲಯದಲ್ಲಿ ಆ ಪೇಪರ್ ಬರುತ್ತಿತ್ತು.

ನಮ್ಮ ಬ್ಯಾಚಿನವರು ಸೇರಿ ಈ ಸಲ ಶಾಲೆಗೆ ಗಡಿಯಾರ, ಬೀರು, ಹೆಸರು ಕೆತ್ತಿಸಿದ ಕಲ್ಲು ಯಾವುದನ್ನೂ ಕೊಡುತ್ತಿಲ್ಲ. ಎಂಟು, ಒಂಬತ್ತು, ಹತ್ತು, ಮೂರೂ ತರಗತಿಗಳಿಗೆ ಒಂದೊಂದು ಕನ್ನಡ ನಿಘಂಟು, ಒಂದೊಂದು ಇಂಗ್ಲಿಷ್ ಕನ್ನಡ ನಿಘಂಟು ತಂದಿದ್ದೇವೆ. ಮುಖ್ಯೋಪಾಧ್ಯಾಯರಲ್ಲಿ ಒಂದೇ ವಿನಂತಿ: ಅವು ಆಫೀಸಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರದಿರಲಿ. ಕಿಟಕಿಯ ಪಕ್ಕದ ಗೂಡಿನಲ್ಲಿ, ಮಕ್ಕಳ ಕೈಗೆ ಸಿಗುವಂತೆ ಇರಲಿ. ಹಾಳೆ ಹರಿದರೆ, ಬೈಂಡು ಬಿಟ್ಟರೆ ಯಾರನ್ನೂ ಬೈಯಬೇಡಿ, ನಮಗೆ ಫೋನ್ ಮಾಡಿ, ಬೇರೆ ತಂದು ಕೊಡುತ್ತೇವೆ. ಮಕ್ಕಳೇ, ನಾಳೆ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮೊದಲು ಯಾವ ಪದ ಹುಡುಕುತ್ತೀರೋ ಅದು ನಿಮಗೆ ಬಿಟ್ಟದ್ದು.